ಹರಿಗೋಲಿಗೆ ಗಾಲಿಯ ಆಸರೆ

ಮುಂಡರಗಿ ಮತ್ತು ಶಿರಹಟ್ಟಿ ತಾಲೂಕುಗಳ ಅಂಚಿನಲ್ಲಿ ತುಂಗಭದ್ರೆಯು ಹರಿಯುತ್ತಿರುವಳು. ಗದಗ-ಬೆಟಗೇರಿ, ಲಕ್ಷ್ಮೇಶ್ವರಗಳ ಸುತ್ತಲಿನ ಊರುಗಳಿಗೆ ಹೊಳೆಯ ನೆರೆಯಿಲ್ಲ. ಅಲ್ಲಿ ಕೆರೆಗಳೇ ಗತಿ. ಹೊಳೆಯಾಗಲಿ, ಡಂಬಳದಂಥ ಹಿರಿಯ ಕೆರೆಯಾಗಲಿ, ಮೀನು ಹಿಡಿಯುವವರ ಮುಖ್ಯ ಸಾಧನವು ಹರಿಗೋಲು. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಮೇಲೆ ತಾಡಪತ್ರಿಯನ್ನು ಹೊದಿಸಿ, ಡಾಂಬರು ಬಳಿದರೆ ದೋಣಿಯು ಸಿದ್ಧವಾಗುವದು. ಹಿಂದಕ್ಕೆ ತಾಡಪತ್ರಿಯ ಸ್ಥಳದಲ್ಲಿ ತೊಗಲು ಇರುತ್ತಿದ್ದಿತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ತುಗೀಸ ಪ್ರವಾಸಿ ಡೊಮಿಂಗೋ ಪಾಯಸನು ಇದೇ ಹೊಳೆಯ ದುಂಡು ದೋಣಿಗಳನ್ನು ಕಂಡು, ಅವು ಹದಿನೈದಿಪ್ಪತ್ತು ಜನರನ್ನು ಹೊರುವವೆಂದೂ, ನೇರವಾಗಿ ಸಾಗದೆ ಸುತ್ತುತ್ತಲೇ ಇರುವವೆಂದೂ ಬರೆದಿಟ್ಟಿರುವನು. ಐದು ನೂರು ವರ್ಷಗಳಾದರೂ ಆಕಾರದಲ್ಲಿ ಹೆಚ್ಚಿನ ಮಾರ್ಪಾಡು ಆಗಿಲ್ಲ. ಆಗಬೇಕಾದ ಅವಶ್ಯಕತೆಯೂ ಕಂಡಿಲ್ಲ.

ತೊಡಕಿರುವದು ನೀರಿನಲ್ಲಲ್ಲ, ನೆಲದ ಮೇಲೆ. ಸಣ್ಣ ಹರಿಗೋಲನ್ನು ಒಬ್ಬನೇ ತಲೆಯ ಮೇಲೆ ಬೋರಲು ಹೊತ್ತು ನಡೆಯುವನು. ಆದರೆ ಬಲೆ, ಹುಟ್ಟು, ಮೀನಿನ ಬುಟ್ಟಿ ಇವೆಲ್ಲವನ್ನು ಒಮ್ಮೆಲೇ ಸಾಗಿಸುವದು ಒಬ್ಬನಿಂದಾಗುವ ಕೆಲಸವಲ್ಲ. ಬೇಸಿಗೆಯಲ್ಲಿ ಕೆರೆಯ ನೀರು ಹಿಂದಕ್ಕೆ ಸರಿದಂತೆ ದಂಡೆಯಿಂದ ನೀರಿನವರೆಗಿನ ಕೆಸರು ಹಾದಿಯು ಉದ್ದವಾಗುತ್ತ ಹೋಗುವದು. ಮೀನು ಹೆಚ್ಚಾಗಿ ಸಿಗುವದೂ ನೀರು ಇಳಿದ ಅದೇ ಕಾಲದಲ್ಲಿ. ಎರಡು ಮೂರು ಸಲ ತಿರುಗಾಡುವಷ್ಟರಲ್ಲಿ ಹೊತ್ತು ಏರಿ, ಮೊದಲು ದಂಡೆಗೆ ತಂದಿಟ್ಟ ಮೀನು ಪೇಟೆಗೆ ಮುಟ್ಟುವ ಮುನ್ನವೇ ಕೆಡುವದು. ವಯಸ್ಸಾದವರು ದೋಣಿಯನ್ನು ಹೊರಲಾರದೆ ಎಳೆಯುವರು. ಎಳೆದಲ್ಲಿ ಹೊದಿಕೆ ಹರಿಯುವದು. ಅದಕ್ಕಿಂತಲೂ ಹೆಚ್ಚಿನದೆಂದರೆ, ಕೆರೆಯ ಒಡ್ಡು ಸವೆಯುವದು. ನಿತ್ಯವೂ ಒಂದೇ ಸ್ಥಳದಲ್ಲಿ ದೋಣಿಯನ್ನು ಎಳೆದರೆ ಒಡ್ಡಿನ ನೆತ್ತಿಯಲ್ಲಿ ಕೊರಕಲು ಬಿದ್ದು, ಕಲ್ಲಿನ ಹೊದಿಕೆ ಸಡಿಲಾಗಿ, ಮಳೆಗಾಲದ ನೀರು ಆ ಜಾಡನ್ನೇ ಹಿಡಿದು ಇಳಿಯುವದು. ಕೆರೆಯ ಕೆಳಗೆ ಜಮೀನುಳ್ಳವರು ಇದನ್ನು ಮೀನುಗಾರರ ಕಷ್ಟವೆಂದಷ್ಟೇ ಎಣಿಸುವಂತಿಲ್ಲ.

ಇದಕ್ಕೆ ಉಪಾಯವು ಗಾಲಿ. ಹರಿಗೋಲಿಗೆ ಗಾಲಿಯನ್ನು ನೇರವಾಗಿ ಜೋಡಿಸಲಾಗದು. ತೂತು ಹಾಕಿದರೆ ಹೊದಿಕೆ ಕೆಟ್ಟಿತು. ಆದುದರಿಂದ ಬಿಚ್ಚಿ ತೆಗೆಯಬಹುದಾದ ಹಗುರವಾದ ಚೌಕಟ್ಟೊಂದನ್ನು ಮಾಡಿಸಿ, ಅದರ ಮೇಲೆ ದೋಣಿಯನ್ನು ಕೂಡಿಸಿ, ಹಗ್ಗದಿಂದ ಬಿಗಿಯತಕ್ಕದ್ದು. ಬುಡವು ತಾಗುವಲ್ಲಿ ಹಳೆಯ ಗೋಣಿಯನ್ನು ಸುತ್ತಿದರೆ ಹೊದಿಕೆ ಉಜ್ಜುವದಿಲ್ಲ. ಚಪ್ಪಟೆ ತಳದ ಕಟ್ಟಿಗೆಯ ದೋಣಿಗಾದರೆ ಹಿಂಬದಿಯ ಹಲಗೆಗೇ ಎರಡು ಗಾಲಿಗಳನ್ನು ಕೂಡಿಸಿ, ನೀರಿಗಿಳಿದ ಮೇಲೆ ಎತ್ತಿ ಕಟ್ಟುವಂತೆ ಮಾಡಬಹುದು. ಊರ ಬಡಿಗನೂ ಕಮ್ಮಾರನೂ ಕೂಡಿದರೆ ಎರಡೂ ಬಗೆಯವು ಸಾಧ್ಯ.

ಗಾಲಿಯನ್ನು ಎಲ್ಲಿ ಇಡಬೇಕೆಂಬುದೇ ಇಲ್ಲಿಯ ಮರ್ಮ. ದೋಣಿ, ಬಲೆ, ಮೀನು ಎಲ್ಲವೂ ಕೂಡಿ 72 ಕಿಲೋಗ್ರಾಂ ತೂಕವೆಂದೂ, ಹಿಡಿಕೆಯು ಗಾಲಿಯ ಅಚ್ಚಿನಿಂದ 6 ಅಡಿ ದೂರವೆಂದೂ ಇಟ್ಟುಕೊಳ್ಳಬಹುದು. ಭಾರದ ಮಧ್ಯಬಿಂದುವು ಅಚ್ಚಿನಿಂದ ಹಿಡಿಕೆಯ ಕಡೆಗೆ 3 ಅಡಿ ಇದ್ದರೆ ಕೈಗೆ 36 ಕಿಲೋಗ್ರಾಂ ಭಾರ ಬೀಳುವದು. 1 ಅಡಿ ಮಾತ್ರವಿದ್ದರೆ 12 ಕಿಲೋಗ್ರಾಂ. ಚೀನಾ ದೇಶದವರು ತಮ್ಮ ಒಂಟಿಗಾಲಿಯ ಕೈಬಂಡಿಯಲ್ಲಿ ದೊಡ್ಡ ಗಾಲಿಯನ್ನು ನಡುವೆಯೇ ಇರಿಸಿ ಹೇರನ್ನು ಅದರ ಎರಡೂ ಮಗ್ಗುಲಿಗೆ ಹೇರುತ್ತಿದ್ದುದರ ಕಾರಣವೂ ಇದೇ. ಯುರೋಪಿನ ಬಂಡಿಯಲ್ಲಿ ಗಾಲಿಯು ಮುಂತುದಿಗಿರುವದರಿಂದ ಭಾರದ ದೊಡ್ಡ ಪಾಲನ್ನು ಕೈಗಳೇ ಹೊರಬೇಕಾಗುವದು. ಹೊಲದ ಬದುವಿನಂಥ ಇಕ್ಕಟ್ಟಾದ ಹಾದಿಗೆ ಒಂದೇ ಗಾಲಿಯು ಲೇಸು. ಹಾದಿಯು ಅಗಲವಾಗಿದ್ದರೆ ಎರಡು ಗಾಲಿಯದು ವಾಲದೆ ನಿಲ್ಲುವದು.

ಗಾಲಿಯ ಅಗಲದ ವಿಷಯದಲ್ಲಿ ಜಿಪುಣತನವು ಸಲ್ಲದು. ಈ ಸೀಮೆಯ ಎರೆಮಣ್ಣು ಒಣಗಿದಾಗ ಕಲ್ಲಿನಂತೆ, ನೆನೆದಾಗ ಅಂಟಿನಂತೆ. ಸೈಕಲ್ಲಿನ ಕಿರಿದಾದ ಗಾಲಿಯು ಹಸಿ ಎರೆಯಲ್ಲಿ ಕೂಡಲೇ ಹುಗಿದುಹೋಗುವದು. ಹಳೆಯ ಸ್ಕೂಟರಿನ ಗಾಲಿಯಂಥ ಅಗಲವಾದುದಕ್ಕೆ ಗಾಳಿಯನ್ನು ತುಸು ಕಡಿಮೆ ತುಂಬಿದರೆ, ಅದು ನೆಲದ ಮೇಲೆ ಹರಡಿ ಕುಳಿತು ಭಾರವನ್ನು ಹಂಚುವದು. ಆದರೆ ಬಳ್ಳಾರಿ ಜಾಲಿಯ ಮುಳ್ಳು ಇಂಥ ಗಾಲಿಯ ಶತ್ರು. ಗಟ್ಟಿ ರಬ್ಬರಿನ ಗಾಲಿಗೆ ಮುಳ್ಳಿನ ಭಯವಿಲ್ಲವಾದರೂ ಅದು ಕೆಸರಿನಲ್ಲಿ ಹೆಚ್ಚು ಇಳಿಯುವದು. ಜಾಲಿಯನ್ನು ಕಡಿದು ಹಾದಿಯನ್ನು ಚೊಕ್ಕಟವಾಗಿಡುವದು ಗಾಲಿಯನ್ನು ಬದಲಿಸುವದಕ್ಕಿಂತ ಅಗ್ಗದ ಕೆಲಸ.

ಊರ ಮುಖಂಡರ ಸಹಾಯವು ಬೇಕಾಗುವದು ಈ ಹಾದಿಯ ವಿಷಯದಲ್ಲಿಯೇ. ಕೆರೆಯ ಅಂಚಿನ ಜಮೀನಿನ ಒಡೆಯರು ಬದುವಿನ ಬದಿಗೆ ಗಾಡಿ ಸಾಗುವಷ್ಟು ಜಾಗವನ್ನು ಒಪ್ಪಿಕೊಟ್ಟರೆ ಬೆಳೆಯಲ್ಲಿ ತುಳಿದಾಡುವದು ನಿಲ್ಲುವದು. ಒಡ್ಡನ್ನು ದಾಟುವ ಸ್ಥಳವು ಒಂದೇ ಇರಬೇಕು. ಅದು ಕೋಡಿ ಮತ್ತು ತೂಬುಗಳಿಂದ ದೂರವಿದ್ದು, ಇಳಿಜಾರಿಗೆ ಚಪ್ಪಡಿ ಹಾಸಿರಬೇಕು. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯ ಮಾತು ಬೇರೆ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವ ಆ ಕೆರೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿರುವದು. ಅಲ್ಲಿ ಅರಣ್ಯ ಇಲಾಖೆಯವರನ್ನು ಕೇಳದೆ ದಂಡೆಯ ಮೇಲೆ ಹೊಸ ಹಾದಿಯನ್ನು ಮಾಡಲಾಗದು.

ಚೌಕಟ್ಟನ್ನು ನೀರಿನೊಳಗೆ ಬಿಡಬಾರದು. ದೋಣಿಯನ್ನು ಇಳಿಸಿದೊಡನೆ ಅದನ್ನು ದಂಡೆಯ ಮೇಲೆ ನಿಲ್ಲಿಸಿ, ಸಂಜೆಗೆ ಕೆಸರನ್ನು ತೊಳೆದು, ಅಚ್ಚಿಗೆ ಕೀಲೆಣ್ಣೆಯನ್ನು ಹಚ್ಚಬೇಕು. ಮರಳುವಾಗ ಮೀನಿನ ಬುಟ್ಟಿಯನ್ನು ಗಾಲಿಯ ನೇರಕ್ಕೆ ಇಟ್ಟು, ಮೇಲೆ ಒದ್ದೆ ಗೋಣಿಯನ್ನು ಹೊದಿಸಿ, ಬಿಸಿಲು ಏರುವ ಮುನ್ನ ಒಂದೇ ಸಲಕ್ಕೆ ಎಲ್ಲವನ್ನೂ ರಸ್ತೆಗೆ ಮುಟ್ಟಿಸಬಹುದು.