ಪುಸ್ತಕದೊಳಗೆ ಇಡುವ ಟಾರ್ಚು



ಕರೆಂಟು ಹೋದಾಗ ಕತ್ತಲಲ್ಲಿ ಟಾರ್ಚು ಹುಡುಕೋದೇ ದೊಡ್ಡ ಕೆಲಸ. ಪಾಠದ ಪುಸ್ತಕದೊಳಗೇ ಇಡಬಹುದಾದ ತೆಳ್ಳನೆ ಟಾರ್ಚನ್ನು ನಾವೇ ಮಾಡಬಹುದು. ನಾನು ಮಾಡಿದ್ದನ್ನು ಸ್ಕೇಲಿನಿಂದ ಅಳೆದರೆ ಸುಮಾರು 5 ಮಿ.ಮೀ. ದಪ್ಪ ಇದೆ.

ತೆಳ್ಳಗಾಗುವುದು ಹೇಗೆ?
ಯಾವ ವಸ್ತುವೂ ತನ್ನೊಳಗಿನ ಅತಿ ದಪ್ಪ ಭಾಗಕ್ಕಿಂತ ತೆಳ್ಳಗಾಗುವುದಿಲ್ಲ. ದೊಡ್ಡ ಟಾರ್ಚಿನ ಸೆಲ್ಲು ಸುಮಾರು 34 ಮಿ.ಮೀ., ಗೋಡೆ ಗಡಿಯಾರದ ಪೆನ್ಸಿಲ್ ಸೆಲ್ಲು ಸುಮಾರು 14 ಮಿ.ಮೀ. ದಪ್ಪ. ಆದರೆ ಸಿ.ಆರ್. 2032 ಎಂಬ ಬಟನ್ ಸೆಲ್ಲು 3.2 ಮಿ.ಮೀ. ಮಾತ್ರ. ಅದರ ಹೆಸರಲ್ಲೇ ಅಳತೆ ಇದೆ. 20 ಅಂದ್ರೆ ಅಗಲ 20 ಮಿ.ಮೀ., 32 ಅಂದ್ರೆ ದಪ್ಪ 3.2 ಮಿ.ಮೀ. ಇದಕ್ಕಿಂತ ತೆಳ್ಳನೆಯ ಸಿ.ಆರ್. 2016 ಕೂಡ ಇದೆ. ಆದರೆ ಬಲ್ಬೇ 3 ಮಿ.ಮೀ. ಇರುವಾಗ ಸೆಲ್ಲು ಮಾತ್ರ ತೆಳ್ಳಗಿದ್ದು ಏನು ಉಪಯೋಗ? 2032 ಹೆಚ್ಚು ದಿನ ಬಾಳುತ್ತೆ.

ಬೇಕಾಗುವ ಸಾಮಗ್ರಿಗಳು:
ಸಿ.ಆರ್. 2032 ಸೆಲ್ಲು, 3 ಮಿ.ಮೀ.ನ ಬಿಳಿ ಎಲ್.ಇ.ಡಿ. ಬಲ್ಬು, ಹಳೇ ಲಗ್ನಪತ್ರಿಕೆ, ರಟ್ಟಿನ ಪೆಟ್ಟಿಗೆಯ ತುಂಡು, ಡ್ರಾಯಿಂಗ್ ಹಾಳೆ, ಅಂಟು, ಟೇಪು.

ಮಾಡುವ ವಿಧಾನ:
1. ಲಗ್ನಪತ್ರಿಕೆಯಿಂದ 9 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಎರಡು ತುಂಡು ಕತ್ತರಿಸಿ. ರಟ್ಟಿನಿಂದಲೂ ಅದೇ ಅಳತೆಯ ಒಂದು ತುಂಡು ಬೇಕು.
2. ರಟ್ಟಿನ ಅಂಚಿನಲ್ಲಿ ಬಲ್ಬು ಕೂರುವಷ್ಟು ಸಂದು, ಅದರ ಹಿಂದೆಯೇ ಸೆಲ್ಲು ಕೂರುವಷ್ಟು ದುಂಡನೆಯ ತೂತು ಮಾಡಿ. ಒಂದರ ಮೇಲೊಂದು ಇಡಬಾರದು, ಪಕ್ಕಪಕ್ಕ ಇರಬೇಕು. ಗುಟ್ಟು ಇದೇ! ರಟ್ಟನ್ನು ಒಂದು ಲಗ್ನಪತ್ರಿಕೆ ತುಂಡಿಗೆ ಅಂಟಿಸಿ.
3. ಬಲ್ಬಿನ ಗಿಡ್ಡ ಕಾಲು ಋಣ. ಅದು ಸೆಲ್ಲಿನ ಕೆಳಗೆ, ಬರಹ ಇಲ್ಲದ ಮುಖಕ್ಕೆ ತಾಗಿರಲಿ. ಸೆಲ್ಲಿನ ಪಕ್ಕದ ಅಂಚೂ ಧನವೇ. ಗಿಡ್ಡ ಕಾಲು ಅಂಚಿಗೂ ತಾಗಿದ್ರೆ ಸೆಲ್ಲು ಸುಮ್ಮನೆ ಖಾಲಿಯಾಗುತ್ತೆ. ಅಲ್ಲಿ ಒಂದು ಚೂರು ಟೇಪು ಹಚ್ಚಿ.
4. ಮೇಲಿನ + ಮುಖದ ಮೇಲೆ, 1 ಸೆಂ.ಮೀ. ತೂತಿರುವ ಡ್ರಾಯಿಂಗ್ ಹಾಳೆ ಇಡಿ. ಉದ್ದ ಕಾಲು ಆ ತೂತಿನ ಮೇಲೆ ಹಾದುಹೋಗಲಿ.
5. ಇನ್ನೊಂದು ತುಂಡನ್ನು ಮುಚ್ಚಿ, ಸುತ್ತಲೂ ಬಿಗಿಯಾಗಿ ಟೇಪು ಹಾಕಿ.

ತೂತಿನ ಜಾಗದಲ್ಲಿ ಹೆಬ್ಬೆರಳಿಂದ ಒತ್ತಿದರೆ ಕಾಲು ಸೆಲ್ಲಿಗೆ ತಾಗಿ ಬೆಳಕು ಬರುತ್ತೆ. ಬೆರಳು ತೆಗೆದರೆ ಆರುತ್ತೆ. ಸ್ವಿಚ್ಚು ಬೇರೆ ಬೇಡ.

ನಿಮಗೆ ಗೊತ್ತೇ?
ಬಿಳಿ ಎಲ್.ಇ.ಡಿ.ಯೊಳಗೆ ಇರುವುದು ನೀಲಿ ಬೆಳಕು! ಮೇಲಿನ ಹಳದಿ ಪುಡಿಯ ಲೇಪದಿಂದ ಅದು ಬೆಳ್ಳಗೆ ಕಾಣುತ್ತೆ. ನೀಲಿ ಎಲ್.ಇ.ಡಿ. ಕಂಡುಹಿಡಿದ ಅಕಾಸಾಕಿ, ಅಮಾನೋ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಹುಮಾನ ಸಿಕ್ಕಿತು.

ಎಚ್ಚರಿಕೆ! ಎಲ್ಲರೂ ಓದಲೇಬೇಕು:
ಈ ಸೆಲ್ಲು ಸಣ್ಣ ಮಕ್ಕಳ ಬಾಯಿಗೆ ಸುಲಭವಾಗಿ ಹೋಗುತ್ತೆ. ನುಂಗಿದರೆ ಗಂಟಲಿನ ತೇವದಲ್ಲಿ ಅದರ ಕರೆಂಟು ಹರಿದು, ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಪ್ರಾಣಕ್ಕೇ ಅಪಾಯ. ವಾಂತಿ ಮಾಡಿಸಬಾರದು, ತಕ್ಷಣ ಆಸ್ಪತ್ರೆಗೆ ಓಡಬೇಕು. ಆದ್ದರಿಂದಲೇ ಸುತ್ತಲೂ ಟೇಪು ಹಾಕಿ ಅಂದದ್ದು. ಖಾಲಿ ಸೆಲ್ಲಿಗೂ ಎರಡೂ ಕಡೆ ಟೇಪು ಸುತ್ತಿ, ತಮ್ಮ ತಂಗಿಯರ ಕೈಗೆ ಸಿಗದ ಕಡೆ ಇಡಿ. ಬೆಂಕಿಗೆ ಮಾತ್ರ ಹಾಕಬೇಡಿ.

ನೀವೂ ಮಾಡಿ ನೋಡಿರಿ. ನನ್ನದಕ್ಕಿಂತ ತೆಳ್ಳಗೆ ಮಾಡಿದವರು ಮುಂದಿನ ಸಂಚಿಕೆಗೆ ಬರೆಯಿರಿ.

– 7ನೇ ತರಗತಿಯ ವಿದ್ಯಾರ್ಥಿ