'ಡರ್ಟಿ ಕೌ': ತೇಪೆ ಹಾಕಿದರಷ್ಟೇ ಸಾಕೇ?

ಕೋಡ್ ಎಲ್ಲರ ಕಣ್ಣೆದುರೇ ಇರುತ್ತೆ, ಹಾಗಾಗಿ ತಪ್ಪು ಬೇಗ ಸಿಕ್ಕಿಬೀಳುತ್ತೆ ಅಂತ ಲಿನಕ್ಸ್ ಅಭಿಮಾನಿಗಳು ಹೇಳುವುದುಂಟು. ನನಗದು ಪೂರ್ತಿ ಒಪ್ಪಿಗೆಯಿಲ್ಲ. ಕಾರಣ, 2016ರ ಅಕ್ಟೋಬರ್‌ನಲ್ಲಿ ಬಯಲಾದ 'ಡರ್ಟಿ ಕೌ'.

ಇಲ್ಲಿ ಕೌ ಅಂದರೆ 'ಕಾಪಿ ಆನ್ ರೈಟ್'. ಹತ್ತು ಪ್ರೋಗ್ರಾಂಗಳು ಒಂದೇ ಫೈಲ್ ಓದುತ್ತಿದ್ದರೆ ಕರ್ನಲ್ ಮೆಮೊರಿಯಲ್ಲಿ ಒಂದೇ ಪ್ರತಿ ಇಡುತ್ತೆ. ತನ್ನ ಪಾಲಿಗೆ ತಿದ್ದಿಕೊಳ್ಳಲು ಹೊರಟ ಪ್ರೋಗ್ರಾಂಗೆ ಮಾತ್ರ ಬೇರೆ ನಕಲು. ಕಚೇರಿಯಲ್ಲಿ ಮೂಲ ದಾಖಲೆ ಕೊಡದೆ ಜೆರಾಕ್ಸ್ ಕೊಡುತ್ತಾರಲ್ಲ, ಹಾಗೆ.

ನಕಲು ಮಾಡಿದ ಮೇಲೆ ಕರ್ನಲ್, 'ಇದು ಬರೆಯಲು ಬಂದದ್ದು' ಎಂಬ ಗುರುತನ್ನು ಅಳಿಸುತ್ತಿತ್ತು. ಸರಿಯಾಗಿ ಆ ಕ್ಷಣದಲ್ಲಿ ಇನ್ನೊಂದು ಥ್ರೆಡ್ ಆ ನಕಲನ್ನು ಎಸೆದರೆ? ಕರ್ನಲ್ ಮೂಲ ಪ್ರತಿಯನ್ನೇ ಕೈಗಿಡುತ್ತಿತ್ತು. ಓದಲಷ್ಟೇ ಅನುಮತಿಯಿದ್ದ ಫೈಲನ್ನು ತಿದ್ದಿ, ಸಾಮಾನ್ಯ ಬಳಕೆದಾರ ಇಡೀ ಯಂತ್ರದ ಒಡೆಯನಾಗಬಹುದಿತ್ತು.

ಲಿನಸ್ ಟೊರ್ವಾಲ್ಡ್ಸ್ ಇದನ್ನು 11 ವರ್ಷ ಮೊದಲೇ ಸರಿಪಡಿಸಲು ನೋಡಿದ್ದರು. ಐಬಿಎಂನ ಎಸ್390 ಯಂತ್ರಗಳಲ್ಲಿ ತೊಡಕಾಗಿ ಅದನ್ನು ಹಿಂಪಡೆಯಲಾಗಿತ್ತು. 2016ರಲ್ಲಿ ಹಳೆ ಗುರುತು ಅಳಿಸುವ ಬದಲು, 'ನಕಲಾಗಿದೆ' ಎಂಬ ಹೊಸ ಗುರುತು ಸೇರಿಸಿದರು. ನಕಲು ಇನ್ನೂ ಇದೆಯಾ ಅಂತ ಕರ್ನಲ್ ಪರೀಕ್ಷಿಸತೊಡಗಿತು. ಆ ತೇಪೆಯಲ್ಲೂ 2017ರಲ್ಲಿ ಇನ್ನೊಂದು ತೂತು ಸಿಕ್ಕಿತು.

ಆಂಡ್ರಾಯ್ಡ್ ಕೂಡ ಲಿನಕ್ಸ್ ಕರ್ನಲ್ ಮೇಲೆಯೇ ನಡೆಯುವುದು. ಕಂಪನಿ ಅಪ್‌ಡೇಟ್ ನಿಲ್ಲಿಸಿದ ಫೋನಿಗೆ ಇಂಥ ತೇಪೆ ತಲುಪೋದೇ ಇಲ್ಲ. ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ ಅನ್ನೋದನ್ನು ಬೆಲೆಯ ಪಕ್ಕದಲ್ಲೇ ಡಬ್ಬಿ ಮೇಲೆ ಅಚ್ಚು ಹಾಕಿಸಬೇಕು ಅನ್ನುವುದು ಅದಕ್ಕೇ.