ಎರಡು ಮೊಹರಿನ ವಿದ್ಯೆ

ದೊಡ್ಡಬೆಳವಂಗಲದಂಥ ಹೋಬಳಿ ಕೇಂದ್ರದಲ್ಲಿ, ರಾಗಿಯ ಹೊಲವನ್ನೂ ನಾಲ್ಕು ಸೀಮೆಹಸುಗಳನ್ನೂ ನಂಬಿದ ಮನೆಯ ಮಗನು, ಇಂಜಿನಿಯರಿಂಗ್ ವ್ಯಾಸಂಗವನ್ನು ಅರ್ಧ ಇಲ್ಲಿ, ಅರ್ಧ ಪರದೇಶದಲ್ಲಿ ಪೂರೈಸಿ ಎರಡು ಪದವಿ ಪಡೆಯಬಹುದಂತೆ ಎಂಬ ಸುದ್ದಿಯನ್ನು ತಂದರೆ, ಮನೆಯವರು ಮೊದಲು ವಿಚಾರಿಸುವುದು ಖರ್ಚನ್ನು. ಅದಕ್ಕೂ ಮೊದಲು ವಿಚಾರಿಸತಕ್ಕದ್ದು, ಕೊನೆಗೆ ಕೈಸೇರುವ ಪ್ರಮಾಣಪತ್ರಗಳೆಷ್ಟು, ಅವುಗಳ ಮೇಲಣ ಮೊಹರು ಯಾರದು ಎಂಬುದನ್ನು.

ಈ ಮಾರ್ಗ ನಮ್ಮ ನಾಡಿಗೆ ಹೊಸತಲ್ಲ. ಮಣಿಪಾಲದಲ್ಲಿ 1994ರಲ್ಲಿ ಸ್ಥಾಪಿತವಾದ ಇಂಟರ್‌ನ್ಯಾಷನಲ್ ಸೆಂಟರ್ ಫಾರ್ ಅಪ್ಲೈಡ್ ಸೈನ್ಸಸ್, ಮೊದಲೆರಡು ವರ್ಷಗಳ ಪಾಠಗಳನ್ನು ಆ ಮುರಕಲ್ಲಿನ ಗುಡ್ಡದ ಮೇಲೆಯೇ ಕಲಿಸಿ, ಉಳಿದ ವ್ಯಾಸಂಗಕ್ಕೆ ವಿದ್ಯಾರ್ಥಿಗಳನ್ನು ಅಮೆರಿಕ ಮೊದಲಾದ ದೇಶಗಳಿಗೆ ಕಳುಹಿಸುವ ಪದ್ಧತಿಯನ್ನು ರೂಢಿಸಿತು. ಹಾಗೆ ಹೋದವರಿಗೆ ಲಭಿಸುತ್ತಿದ್ದುದು ಪರದೇಶದ ವಿದ್ಯಾಲಯದ ಪದವಿ.

2022ರ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು (ಯುಜಿಸಿ) ಪ್ರಕಟಿಸಿದ ನಿಯಮಾವಳಿಯಾದರೋ ಮೂರು ಮಾರ್ಗಗಳನ್ನು ಬೇರ್ಪಡಿಸಿತು. ಟ್ವಿನ್ನಿಂಗ್ ಪದ್ಧತಿಯಲ್ಲಿ ವಿದೇಶದಲ್ಲಿ ಗಳಿಸುವ ಕ್ರೆಡಿಟ್ಟುಗಳು ಶೇಕಡ 30ನ್ನು ಮೀರಕೂಡದು, ಪದವಿ ಭಾರತದ್ದೊಂದೇ. ಜಂಟಿ ಪದವಿಯಲ್ಲಿ ಎರಡು ಲಾಂಛನಗಳನ್ನು ಹೊತ್ತ ಒಂದೇ ಪತ್ರ. ದ್ವಿಪದವಿಯಲ್ಲಿ ಮಾತ್ರವೇ ಉಭಯ ವಿದ್ಯಾಲಯಗಳೂ ಒಂದೇ ವಿಷಯದಲ್ಲಿ ಪ್ರತ್ಯೇಕವಾಗಿ, ಏಕಕಾಲದಲ್ಲಿ ಪದವಿ ನೀಡುತ್ತವೆ. ಇದರಲ್ಲಿ ಭಾರತದಲ್ಲಿ ಗಳಿಸಿದ ಕ್ರೆಡಿಟ್ಟುಗಳು ಶೇಕಡ 30ಕ್ಕಿಂತ ಕಡಿಮೆಯಾಗುವಂತಿಲ್ಲ, ಪ್ರವೇಶದ ಅರ್ಹತೆಯನ್ನು ಎರಡೂ ಕಡೆ ಬೇರೆಬೇರೆಯಾಗಿ ಪಡೆಯಬೇಕು. ಪಹಣಿ, ಮ್ಯುಟೇಷನ್ನು ನೋಡದೆ ಎರಡು ಗುಂಟೆ ಜಮೀನಿಗೂ ಮುಂಗಡ ಕೊಡದ ನಮ್ಮ ಜನ, ಎರಡು ವಿದ್ಯಾಲಯಗಳ ನಡುವಣ ಒಡಂಬಡಿಕೆಯನ್ನೂ ಅದೇ ಎಚ್ಚರದಿಂದ ಓದಿಸಿ ಕೇಳಬೇಕೆಂದು ನನ್ನ ಪ್ರಾರ್ಥನೆ. ಏಕೆಂದರೆ ಜಾಹೀರಾತುಗಳಲ್ಲಿ ಈ ಮೂರು ಮಾರ್ಗಗಳಿಗೂ ಒಂದೇ ಹೆಸರಿಡುವುದುಂಟು.

ಇಡೀ ವ್ಯವಸ್ಥೆಯ ಪ್ರಾಣ ಈ ಕ್ರೆಡಿಟ್ಟಿನಲ್ಲಿದೆ. ವಾರಕ್ಕೊಂದು ಗಂಟೆಯಂತೆ ಸೆಮಿಸ್ಟರ್ ಪೂರ್ತಿ ಕೇಳಿದ ಪಾಠಕ್ಕೆ ಒಂದು ಕ್ರೆಡಿಟ್ಟಾದರೆ, ಪ್ರಯೋಗಶಾಲೆಯಲ್ಲಿ ವಾರಕ್ಕೆ ಎರಡು ಗಂಟೆ ದುಡಿದರೆ ಒಂದು. ಇಲ್ಲಿ ಕಲಿತ ಥರ್ಮೊಡೈನಮಿಕ್ಸ್ ಅಲ್ಲಿಯೂ ಸಲ್ಲಬೇಕಾದರೆ ಅಂಕಪಟ್ಟಿಯೊಂದೇ ಸಾಲದು. ಅಲ್ಲಿನ ಅಧ್ಯಾಪಕರು ಪಠ್ಯಕ್ರಮದ ಹಾಳೆಯನ್ನು ಮುಂದಿಟ್ಟುಕೊಂಡು, ಎಷ್ಟು ಅಧ್ಯಾಯ, ಯಾವ ಗ್ರಂಥ, ಯಾವ ಪ್ರಯೋಗ ಎಂದು ಒಂದೊಂದನ್ನೇ ತಾಳೆನೋಡುತ್ತಾರೆ. ಆದಕಾರಣ ಹೊರಡುವ ಹುಡುಗನ ಪೆಟ್ಟಿಗೆಯಲ್ಲಿ, ಅಮ್ಮ ಕಟ್ಟಿಕೊಟ್ಟ ಹುರಿಹಿಟ್ಟಿನ ಪೊಟ್ಟಣದ ಪಕ್ಕದಲ್ಲೇ, ಪ್ರತಿ ಸೆಮಿಸ್ಟರಿನ ಪಠ್ಯಕ್ರಮವೂ ಕಾಲೇಜಿನ ಮೊಹರು ಹಾಕಿಸಿಕೊಂಡು ಭದ್ರವಾಗಿರತಕ್ಕದ್ದು.